ಸಂಬಳವಿಲ್ಲದ ನಲವತ್ತು ವರ್ಷ: ಪುತ್ತೂರಿನಲ್ಲಿ ಬರಹ ನಂಬಿ ಬದುಕಿದ ಶಿವರಾಮ ಕಾರಂತರು

ಪುತ್ತೂರು: ಅಡಿಕೆ ತೋಟ ಇದ್ದವರಿಗೆ ಕೊಳೆರೋಗದ ಭಯ ಏನು ಅಂತ ಹೇಳಿಕೊಡಬೇಕಾಗಿಲ್ಲ. ಒಂದು ವರ್ಷ ಕೈ ತುಂಬ, ಇನ್ನೊಂದು ವರ್ಷ ಕೈ ಖಾಲಿ. ಆದರೂ ಅಡಿಕೆಗೆ ಪೇಟೆಯಲ್ಲಿ ಒಂದು ಧಾರಣೆ ಅಂತ ಇರುತ್ತದೆ. ಬರೆದ ಕಾಗದಕ್ಕೆ ಅದೂ ಇಲ್ಲ. ಅಂಥ ಸರಕನ್ನು ನಂಬಿಕೊಂಡು ಒಬ್ಬ ಮನುಷ್ಯ ಇದೇ ಪುತ್ತೂರಿನಲ್ಲಿ ಸುಮಾರು ನಲವತ್ತು ವರ್ಷ ಸಂಸಾರ ಮಾಡಿದರು. ಸರಕಾರಿ ಕೆಲಸ ಇಲ್ಲ, ಕಾಲೇಜಿನ ಕುರ್ಚಿ ಇಲ್ಲ, ತಿಂಗಳ ಕೊನೆಗೆ ಎಣಿಸಿಕೊಳ್ಳುವ ಸಂಬಳ ಇಲ್ಲ. ಕೋಟ ಶಿವರಾಮ ಕಾರಂತರ ಜ್ಞಾನಪೀಠ ಎಲ್ಲರಿಗೂ ಗೊತ್ತು. ಅದಕ್ಕೆ ಮೊದಲು ಮನೆಯ ಅಕ್ಕಿ ಎಲ್ಲಿಂದ ಬರುತ್ತಿತ್ತು ಎಂಬ ಲೆಕ್ಕ ಕೇಳುವವರು ಕಡಿಮೆ.

ಹುಟ್ಟಿದ್ದು ಕೋಟದಲ್ಲಿ, 1902ರ ಅಕ್ಟೋಬರ್ 10ರಂದು. ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಗ ಗಾಂಧಿಯವರ ಅಸಹಕಾರದ ಕರೆ ಬಂತು. ಹುಡುಗ ಪುಸ್ತಕ ಮಡಚಿಟ್ಟು ಹೊರಬಿದ್ದ. ಓದು ಅಲ್ಲಿಗೇ ನಿಂತಿತು, ಪದವಿ ಸಿಗಲಿಲ್ಲ. ಖಾದಿ ಪ್ರಚಾರ, ಊರೂರು ತಿರುಗಾಟ, ಭಾಷಣ. ಇಪ್ಪತ್ತು ದಾಟಿದ ಮೇಲೆ ‘ವಸಂತ’ ಅಂತ ಒಂದು ಮಾಸಪತ್ರಿಕೆ ಶುರುಮಾಡಿದರು. ಸ್ವಂತ ಪತ್ರಿಕೆ ಎಂದರೆ ಬರೆಯುವವನೂ ನಾನೇ, ಚಂದಾ ಕೇಳುವವನೂ ನಾನೇ ಎಂಬ ಪಾಡು. ಕೆಲವು ವರ್ಷ ನಡೆದು ಅದು ನಿಂತಿತು. ಪತ್ರಿಕೆ ನಿಂತರೂ ಬರೆಯುವ ಚಾಳಿ ನಿಲ್ಲಲಿಲ್ಲ.

ಪುತ್ತೂರಿಗೆ ಅವರನ್ನು ಕಟ್ಟಿಹಾಕಿದವರಲ್ಲಿ ಮೊಳಹಳ್ಳಿ ಶಿವರಾಯರ ಹೆಸರು ಮೊದಲು ಬರುತ್ತದೆ. ಸಹಕಾರಿ ಸಂಘಗಳ ಶಿವರಾಯರು ಎಂದರೆ ಇಲ್ಲಿನ ಹಿರಿಯರಿಗೆ ಬೇರೆ ಪರಿಚಯ ಬೇಡ. 1930ರ ದಶಕದಲ್ಲಿ ಇಬ್ಬರ ಓಡಾಟದಿಂದ ಪುತ್ತೂರಿನ ದಸರಾ ನಾಡಹಬ್ಬಕ್ಕೆ ದೊಡ್ಡ ಹೆಸರು ಬಂತು. ದೂರದ ಊರುಗಳ ಸಾಹಿತಿಗಳು ಗಟ್ಟದ ಕೆಳಗಿನ ಈ ಸಣ್ಣ ಪೇಟೆಗೆ ಬಂದು ಮಾತಾಡಿ ಹೋಗುತ್ತಿದ್ದರು. ರೈಲು ಇಲ್ಲದ ಕಾಲ, ನೆನಪಿರಲಿ. ಈ ಊರಿಗೆ ರೈಲು ಬಂದದ್ದು ಎಷ್ಟೋ ವರ್ಷ ಕಳೆದ ಮೇಲೆ.

ಪರ್ಲಡ್ಕದ ಗುಡ್ಡೆಯ ಮೇಲೆ ‘ಬಾಲವನ’ ಎದ್ದದ್ದೂ ಇದೇ ದಶಕದಲ್ಲಿ. ಮಕ್ಕಳು ಬೆತ್ತದ ಏಟಿಲ್ಲದೆ ಆಡುತ್ತಾ, ಹಾಡುತ್ತಾ, ಗಿಡಮರ ನೋಡುತ್ತಾ ಕಲಿಯಬೇಕು ಎಂಬ ಹಂಬಲ. ಶಾಲೆಯಾಗಿ ಅದು ಬಹಳ ಕಾಲ ನಡೆಯಲಿಲ್ಲ. ಹಾಗೆ ನೋಡಿದರೆ ಕಾರಂತರು ಕೈಹಾಕಿದ ಎಷ್ಟೋ ಕೆಲಸಗಳು ನಿಂತಿವೆ. 1930ರ ಆಸುಪಾಸಿನಲ್ಲಿ ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಎರಡು ಮೂಕಿ ಸಿನಿಮಾ ತೆಗೆದರು, ಅದರಿಂದ ಹೊಟ್ಟೆಪಾಡಿನ ದಾರಿ ತೆರೆಯಲಿಲ್ಲ. ನಾಟಕ, ಗೀತನಾಟಕ, ಕುಣಿತ ಎಲ್ಲ ಪ್ರಯೋಗ ಮಾಡಿದರು, ಗೆಜ್ಜೆ ಕಟ್ಟಿ ತಾವೇ ಕುಣಿದರು. ಪೇಟೆಯವರಿಗೆ ಇದು ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಓದು ಬಿಟ್ಟ, ಕೆಲಸವಿಲ್ಲದ, ಮೂವತ್ತು ದಾಟಿದ ಬ್ರಾಹ್ಮಣರ ಹುಡುಗ ವೇಷ ಕಟ್ಟಿ ಕುಣಿಯುತ್ತಾನೆ ಎಂದರೆ ಆಗಿನ ಜನ ಏನೆಂದುಕೊಂಡಾರು! 1936ರಲ್ಲಿ ಬಂಟರ ಮನೆಯ ಲೀಲಾ ಆಳ್ವರನ್ನು ಮದುವೆಯಾದಾಗಲಂತೂ ಜಾತಿ ಕಟ್ಟುಪಾಡಿನವರ ಮುಖ ಇನ್ನಷ್ಟು ಗಂಟಾಯಿತು. ಕೈಯಲ್ಲಿ ಕಾಯಂ ಆದಾಯ ಇಲ್ಲದ ಮನುಷ್ಯನ ಮನೆಯನ್ನು ನಡೆಸಿದವರು ಲೀಲಾ ಅವರು. ಆ ಮನೆಯ ಲೆಕ್ಕ ಬರೆಯುವುದಾದರೆ ಅರ್ಧ ಪುಟ ಅವರ ಹೆಸರಿನಲ್ಲೇ ಬರೆಯಬೇಕು.

ಹಾಗಾದರೆ ದುಡ್ಡು ಎಲ್ಲಿಂದ? ಸಿಕ್ಕಿದ ಬರವಣಿಗೆಯ ಕೆಲಸವೆಲ್ಲ ಮಾಡಿದ್ದರಿಂದ. ಕಾದಂಬರಿ ಬರೆದು ಮನೆ ನಡೆಸುವುದು ಆಗ ಆಗುವ ಮಾತಲ್ಲ. ಕನ್ನಡ ಓದುವವರು ಮದರಾಸು, ಮುಂಬಯಿ, ಮೈಸೂರು, ಹೈದರಾಬಾದು, ಕೊಡಗು ಅಂತ ಹಂಚಿಹೋಗಿದ್ದರು. ನಮ್ಮ ಜಿಲ್ಲೆ 1956ರವರೆಗೆ ಮದರಾಸಿಗೆ ಸೇರಿತ್ತು. ಇಲ್ಲಿ ಅಚ್ಚಾದ ಪುಸ್ತಕ ಧಾರವಾಡದ ಅಂಗಡಿಗೆ ಮುಟ್ಟುವುದೇ ಒಂದು ಸಾಹಸ. ಹಾಗಾಗಿ ಕಾರಂತರು ಶಾಲೆ ಮಕ್ಕಳಿಗೆ ಪಾಠಪುಸ್ತಕ ಬರೆದರು. ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ ಒಬ್ಬರೇ ಬರೆದರು. ‘ಸಿರಿಗನ್ನಡ ಅರ್ಥಕೋಶ’ ಮಾಡಿದರು. ಮುಂದೆ ದೊಡ್ಡವರಿಗೆ ನಾಲ್ಕು ಸಂಪುಟಗಳ ‘ವಿಜ್ಞಾನಪ್ರಪಂಚ’ವನ್ನೂ ಬರೆದರು. ನಿಘಂಟು, ವಿಶ್ವಕೋಶ ಎಂದರೆ ಈಗ ಒಂದು ಕಚೇರಿ, ಹತ್ತಾರು ನೌಕರರು, ವರ್ಷಗಟ್ಟಲೆ ಸಮಯ. ಅಲ್ಲಿ ಒಂದು ಮನೆ, ಒಂದು ಮೇಜು.

ಬರೆದರೆ ಮುಗಿಯಲಿಲ್ಲ, ಮಾರಬೇಕಲ್ಲ. ‘ಹರ್ಷ’ ಎಂಬ ಹೆಸರಿನಲ್ಲಿ ಪುತ್ತೂರಿನಿಂದಲೇ ಪುಸ್ತಕ ಪ್ರಕಟಿಸಿದರು. ಹೊದಿಕೆಯ ಚಿತ್ರ ತಾವೇ ಬಿಡಿಸುತ್ತಿದ್ದರು. ಕರಡು ತಿದ್ದುವುದು, ಕಾಗದದ ಬೆಲೆ ನೋಡುವುದು, ಕಟ್ಟು ಕಟ್ಟಿ ಕಳಿಸುವುದು, ಬಾಕಿಗೆ ಕಾಯುವುದು ಎಲ್ಲ ಈ ಕಸುಬಿನ ಭಾಗ. ಸಾಲಕ್ಕೆ ಸರಕು ಕೊಟ್ಟು ಬಾಕಿಗೆ ಕಾದ ಅಂಗಡಿಯವರಿಗೆ ಇದರ ಬಿಸಿ ಚೆನ್ನಾಗಿ ಗೊತ್ತು.

ಇಷ್ಟರ ನಡುವೆ ಹವ್ಯಾಸ ಯಾವುದು, ಕೆಲಸ ಯಾವುದು ಅಂತ ಗೆರೆ ಎಳೆಯುವುದು ಕಷ್ಟ. ಕಾರಂತರಿಗೆ ತಿರುಗಾಟದ ಹುಚ್ಚು. ಆಗಿನ ಪುತ್ತೂರು ತಾಲೂಕೆಂದರೆ ಈಗಿನ ಸುಳ್ಯ, ಸುಬ್ರಹ್ಮಣ್ಯದ ಕಡೆಯೆಲ್ಲ ಸೇರಿತ್ತು. ಕುಮಾರಪರ್ವತದ ಬುಡದ ಕಾಡು, ಹೊಳೆ, ಒಂಟಿ ಮನೆಗಳು, ಹುಲಿ–ಆನೆಗಳ ನಡುವೆ ಅಡಿಕೆ ಸಸಿ ನೆಟ್ಟು ತೋಟ ಎಬ್ಬಿಸಿದ ಕೃಷಿಕರು. ಬೇರೆಯವರು ಹೋಗಿ ಬಂದು ಕಾಲು ನೀವಿಕೊಂಡು ಮಲಗುತ್ತಾರೆ. ಇವರ ತಿರುಗಾಟದಿಂದ 1943ರಲ್ಲಿ ‘ಬೆಟ್ಟದ ಜೀವ’ ಬಂತು. ಮಲೆಕುಡಿಯರ ಬದುಕು ‘ಕುಡಿಯರ ಕೂಸು’ ಆಯಿತು. ಅದಕ್ಕೂ ಹತ್ತು ವರ್ಷ ಮೊದಲು, 1933ರಲ್ಲಿ ‘ಚೋಮನ ದುಡಿ’. ಸ್ವಂತ ತುಂಡು ಭೂಮಿ ಬೇಕೆಂದು ಆಸೆಪಟ್ಟ ದಲಿತನ ಕತೆ ಅದು. ಬೆಂಗಳೂರಿನಲ್ಲಿ ಕೂತು ಬರೆದದ್ದಲ್ಲ, ಇಲ್ಲಿನ ಗದ್ದೆಯ ಹುಣಿಯ ಮೇಲೆ ನಿಂತು ಕಂಡದ್ದು.

ರಾತ್ರಿಯಾದರೆ ಆಟ. ಚಿಕ್ಕಂದಿನಿಂದಲೂ ಚೆಂಡೆಯ ಸದ್ದಿಗೆ ಕಿವಿಕೊಟ್ಟು ಬೆಳೆದವರು. ಸುಮ್ಮನೆ ನಿದ್ದೆಗೆಟ್ಟು ನೋಡಿ ಬರುವುದಷ್ಟೇ ಆಗಿದ್ದರೆ ಅದು ಹವ್ಯಾಸವಾಗಿ ಉಳಿಯುತ್ತಿತ್ತು. ಇವರು ಹಳೇ ತಾಳೆಗರಿ ಹುಡುಕಿದರು, ಭಾಗವತರ ಹತ್ತಿರ ಕೂತು ರಾಗ ಕೇಳಿದರು, ವೇಷಗಳ ಬಣ್ಣ, ಕಿರೀಟ, ಹೆಜ್ಜೆ ಎಲ್ಲ ಗುರುತು ಹಾಕಿಕೊಂಡರು. ಆ ನಿದ್ದೆಗೇಡಿನ ಫಲವೇ ‘ಯಕ್ಷಗಾನ ಬಯಲಾಟ’. ಅದಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆಮೇಲೆ ಆಟವನ್ನೇ ಬದಲಿಸಲು ಹೊರಟು ಬೈಗುಳವನ್ನೂ ತಿಂದರು. ಪಿಟೀಲು ತಂದರು, ಮಾತು ಕಡಿಮೆ ಮಾಡಿದರು, ರಾತ್ರಿಯಿಡೀ ನಡೆಯುವುದನ್ನು ಕೆಲವೇ ಗಂಟೆಗೆ ಇಳಿಸಿದರು. ಅರ್ಥಗಾರಿಕೆಯೇ ಆಟದ ಜೀವ ಎನ್ನುವವರಿಗೆ ಇದು ಇವತ್ತಿಗೂ ಒಪ್ಪಿಗೆಯಿಲ್ಲ. ಅವರ ಸಿಟ್ಟಿನಲ್ಲೂ ನ್ಯಾಯ ಇದೆ.

ಕ್ಯಾಮೆರಾ ಇನ್ನೊಂದು ಗೀಳು. ದೇವಸ್ಥಾನದ ಶಿಲ್ಪ ನೋಡಲು ದೂರ ದೂರ ಹೋದರು, ಫೋಟೋ ತೆಗೆದರು, ಶಿಲ್ಪಕಲೆ–ಚಿತ್ರಕಲೆಯ ಪುಸ್ತಕ ಬರೆದರು. ಯುರೋಪಿಗೆ ಹೋಗಿ ಬಂದದ್ದು ‘ಅಪೂರ್ವ ಪಶ್ಚಿಮ’ ಎಂಬ ಪ್ರವಾಸಕಥನವಾಯಿತು. ಹೋದ ಊರು, ನೋಡಿದ ಆಟ, ಹತ್ತಿದ ಗುಡ್ಡ ಎಲ್ಲವೂ ಒಂದಲ್ಲ ಒಂದು ದಿನ ಪುಸ್ತಕವಾಗಿ ಹೊರಬರಲೇಬೇಕು. ಜಿಪುಣತನ ಅಂತ ಬೇಕಾದರೆ ಹೇಳಿ, ಕಂಡದ್ದನ್ನು ಅವರು ದಂಡ ಮಾಡಲಿಲ್ಲ.

ಹೀಗೆ ನಲವತ್ತಕ್ಕೂ ಹೆಚ್ಚು ಕಾದಂಬರಿ ಬರೆದರು. ಬರೆದದ್ದೆಲ್ಲ ಒಂದೇ ತೂಕದ್ದಲ್ಲ, ಕೆಲವನ್ನು ಈಗ ಓದುವವರಿಲ್ಲ. ಬರೆದರೆ ಮಾತ್ರ ಊಟ ಎನ್ನುವವನಿಗೆ ಪ್ರತಿ ಸಲ ‘ಮರಳಿ ಮಣ್ಣಿಗೆ’ ಬರೆಯಲು ಆಗುತ್ತದೆಯೇ? ಕೋಟದ ಕಡೆಯ ಒಂದು ಮನೆತನದ ಮೂರು ತಲೆಮಾರನ್ನು ಹಿಡಿದ ಆ ಪುಸ್ತಕವನ್ನು ಉಡುಪಿ ಹೋಟೆಲಿನವರೂ, ಊರು ಬಿಟ್ಟು ಹೋದವರೂ ತಮ್ಮ ಮನೆಯ ಕತೆ ಅಂತ ಓದಿಕೊಂಡಾರು.

ಹಿರಿಯ ಮಗ ಹರ್ಷ ಯೌವನದಲ್ಲೇ ತೀರಿಕೊಂಡರು. ಮನೆಗೆ ಬಿದ್ದ ಏಟು ಅದು. ಆಮೇಲೆಯೂ ಬರಹ ನಿಲ್ಲಲಿಲ್ಲ, 1968ರಲ್ಲಿ ‘ಮೂಕಜ್ಜಿಯ ಕನಸುಗಳು’ ಬಂತು. ಸರಕಾರದ ಹಂಗು ಇಲ್ಲದ್ದಕ್ಕೆ ಒಂದು ಲಾಭ ತುರ್ತುಪರಿಸ್ಥಿತಿಯಲ್ಲಿ ಕಂಡಿತು. ಪದ್ಮಭೂಷಣವನ್ನು ಅವರು ವಾಪಸ್ ಮಾಡಿದರು. ಹೆದರಿಸಲು ತಡೆಹಿಡಿಯುವ ಸಂಬಳವಿರಲಿಲ್ಲ, ವರ್ಗಾವಣೆ ಮಾಡಲು ಹುದ್ದೆಯೂ ಇರಲಿಲ್ಲ.

1970ರ ದಶಕದಲ್ಲಿ ಪುತ್ತೂರು ಬಿಟ್ಟು ಹುಟ್ಟೂರಿನ ಪಕ್ಕದ ಸಾಲಿಗ್ರಾಮಕ್ಕೆ ಹೋದರು. ‘ಮೂಕಜ್ಜಿ’ಗೆ 1977ರ ಜ್ಞಾನಪೀಠ ಬಂದಾಗ ಅವರ ವಯಸ್ಸು ಎಪ್ಪತ್ತೈದರ ಆಸುಪಾಸು. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ತೀರಿಕೊಂಡರು. ಬಾಲವನ ಈಗ ಸರಕಾರದ ಉಸ್ತುವಾರಿಯಲ್ಲಿದೆ. ಪರ್ಲಡ್ಕದ ಕಡೆ ಹೋದವರು ಅವರು ಬದುಕಿದ ಮನೆಯನ್ನೂ, ಕುಣಿತ ಕಲಿಸಿದ ನಾಟ್ಯಶಾಲೆಯನ್ನೂ ನೋಡಿ ಬರಬಹುದು.