ಮುಚ್ಚಿದ ಬಾಗಿಲನ್ನು ತೆರೆಸಿದ ಮ್ಯಾಜ್ ಸೈಯರ್ಸ್

ಬೂಟಿನ ಅಡಿಗೆ ಉಕ್ಕಿನ ಅಲಗು ಜೋಡಿಸಿಕೊಂಡು, ಮಂಜುಗಡ್ಡೆಯ ಮೇಲೆ ಜಾರುತ್ತಾ, ಸುತ್ತುತ್ತಾ, ನೆಗೆಯುತ್ತಾ ಸಾಗುವ ಆಟಕ್ಕೆ ಫಿಗರ್ ಸ್ಕೇಟಿಂಗ್ ಎಂದು ಹೆಸರು. ನಮ್ಮಲ್ಲಿ ಹೆಚ್ಚಿನವರು ಇದನ್ನು ಟಿ.ವಿ. ಪರದೆಯ ಮೇಲೆ ಮಾತ್ರ ಕಂಡವರು. ಚಳಿಗಾಲದ ಒಲಿಂಪಿಕ್ಸ್ ಬಂತೆಂದರೆ ಮಹಿಳೆಯರ ಸ್ಕೇಟಿಂಗ್ ನೋಡಲು ಲಕ್ಷಾಂತರ ಜನ ಕಾದು ಕುಳಿತಿರುತ್ತಾರೆ. ಆದರೆ 20ನೇ ಶತಮಾನದ ಆರಂಭದಲ್ಲಿ ಈ ಆಟದ ವಿಶ್ವ ಸ್ಪರ್ಧೆಯಲ್ಲಿ ಮಹಿಳೆಯರಿಗೆ ಜಾಗವೇ ಇರಲಿಲ್ಲ. ಆ ಜಾಗವನ್ನು ಅವರಿಗೆ ದೊರಕಿಸಿಕೊಟ್ಟವರು ಇಂಗ್ಲೆಂಡಿನ ಮ್ಯಾಜ್ ಸೈಯರ್ಸ್.

ಮ್ಯಾಜ್ ಹುಟ್ಟಿದ್ದು 1881ರ ಸೆಪ್ಟೆಂಬರ್‌ನಲ್ಲಿ, ಲಂಡನ್ನಿನ ಕೆನ್ಸಿಂಗ್ಟನ್ನಿನಲ್ಲಿ. ತವರಿನ ಹೆಸರು ಫ್ಲಾರೆನ್ಸ್ ಮೆಡೆಲೀನ್ ಕೇವ್. ತಂದೆ ಕಟ್ಟಡ ನಿರ್ಮಾಣದ ಉದ್ಯಮಿ. 15 ಮಕ್ಕಳಿದ್ದ ತುಂಬು ಕುಟುಂಬ ಅದು. ಈಜು, ಕುದುರೆ ಸವಾರಿ, ಸ್ಕೇಟಿಂಗ್ ಎಲ್ಲದರಲ್ಲೂ ಬಾಲಕಿ ಮುಂದು.

1899ರಲ್ಲಿ ಮ್ಯಾಜ್‌ಗೆ ಎಡ್ಗರ್ ಸೈಯರ್ಸ್ ಅವರ ಪರಿಚಯವಾಯಿತು. ವಯಸ್ಸಿನಲ್ಲಿ ಅವರು 18 ವರ್ಷ ಹಿರಿಯರು. ಅದೇ ವರ್ಷ ವಿಶ್ವ ಸ್ಪರ್ಧೆಯಲ್ಲಿ ಮೂರನೆಯ ಸ್ಥಾನ ಪಡೆದ ನುರಿತ ಸ್ಕೇಟರ್ ಕೂಡ ಹೌದು. ಆಗ ಇಂಗ್ಲೆಂಡಿನಲ್ಲಿ ಮೈಯನ್ನು ನೆಟ್ಟಗೆ ಬಿಗಿಹಿಡಿದು, ಕೈಗಳನ್ನು ಪಕ್ಕಕ್ಕೆ ಇಟ್ಟುಕೊಂಡು ಆಡುವುದೇ ಪದ್ಧತಿ. ಯೂರೋಪಿನ ಇತರ ದೇಶಗಳಲ್ಲಿ ದೇಹವನ್ನು ಸಡಿಲವಾಗಿ, ಲಯಬದ್ಧವಾಗಿ ಚಲಿಸುವ ರೀತಿ ಬಂದಿತ್ತು. ಎಡ್ಗರ್ ಈ ಹೊಸ ರೀತಿಯ ಬೆಂಬಲಿಗರು. ಮ್ಯಾಜ್‌ಗೂ ಅದನ್ನೇ ಕಲಿಸಿದರು. 1900ರಲ್ಲಿ ಇಬ್ಬರಿಗೂ ಮದುವೆಯಾಯಿತು. ಅಂದಿನಿಂದ ಗಂಡನೇ ಗುರು, ಗಂಡನೇ ಜೊತೆಗಾರ.

1902ರಲ್ಲಿ ವಿಶ್ವ ಸ್ಪರ್ಧೆ ಲಂಡನ್ನಿನಲ್ಲಿಯೇ ನಡೆಯಿತು. ಅಲ್ಲಿಯವರೆಗೆ ಸ್ಪರ್ಧಿಸಿದವರೆಲ್ಲ ಪುರುಷರೇ. ನಿಯಮಾವಳಿಯಲ್ಲಿ ಮಹಿಳೆಯರು ಬರಬಾರದು ಎಂದೇನೂ ಬರೆದಿರಲಿಲ್ಲ. ಒಬ್ಬ ಹೆಂಗಸು ಹೆಸರು ಕೊಟ್ಟಾಳೆಂಬ ಯೋಚನೆಯೇ ಯಾರಿಗೂ ಬಂದಿರಲಿಲ್ಲ! 20 ವರ್ಷದ ಮ್ಯಾಜ್ ಹೆಸರು ಕೊಟ್ಟರು. ತಡೆಯಲು ನಿಯಮವಿಲ್ಲದ್ದರಿಂದ ಅಧಿಕಾರಿಗಳು ಒಪ್ಪಲೇಬೇಕಾಯಿತು. ನಾಲ್ವರು ಸ್ಪರ್ಧಿಗಳಲ್ಲಿ ಮೊದಲ ಸ್ಥಾನ ಸ್ವೀಡನ್ನಿನ ಉಲ್ರಿಕ್ ಸಾಲ್ಕೋವ್‌ಗೆ, ಎರಡನೆಯದು ಮ್ಯಾಜ್‌ಗೆ. ಉಳಿದಿಬ್ಬರು ಪುರುಷರು ಆಕೆಯ ಹಿಂದೆ ಉಳಿದರು. ಸಾಲ್ಕೋವ್ ಸಾಮಾನ್ಯ ಆಟಗಾರನಲ್ಲ. ಒಟ್ಟು 10 ಬಾರಿ ವಿಶ್ವ ಪಟ್ಟ ಗೆದ್ದವನು. ಮ್ಯಾಜ್ ಅವರ ಆಟಕ್ಕೆ ಮನಸೋತು ಆತ ತನ್ನ ಚಿನ್ನದ ಪದಕವನ್ನೇ ಆಕೆಗೆ ನೀಡಿದನೆಂಬ ಕಥೆ ಸ್ಕೇಟಿಂಗ್ ಲೋಕದಲ್ಲಿ ಪ್ರಚಲಿತವಾಗಿದೆ. ಕಥೆ ಹಾಗಿರಲಿ, ದಾಖಲೆಯಲ್ಲಿರುವ ಎರಡನೆಯ ಸ್ಥಾನವೇ ಆಕೆಯ ಸಾಮರ್ಥ್ಯಕ್ಕೆ ಸಾಕ್ಷಿ.

ಇಂಥ ಸಾಧನೆಗೆ ಸಿಕ್ಕ ಪ್ರತಿಫಲವೇನು? ಮುಂದಿನ ವರ್ಷ, 1903ರಲ್ಲಿ, ಅಂತಾರಾಷ್ಟ್ರೀಯ ಸ್ಕೇಟಿಂಗ್ ಸಂಘವು ಮಹಿಳೆಯರು ಈ ಸ್ಪರ್ಧೆಗೆ ಬರಬಾರದೆಂದು ನಿಯಮ ಮಾಡಿತು. ಅದಕ್ಕೆ ಹೇಳಿದ ಕಾರಣಗಳನ್ನು ಕೇಳಿದರೆ ಇಂದು ನಗು ಬರುತ್ತದೆ. ಉದ್ದ ಲಂಗದಿಂದಾಗಿ ತೀರ್ಪುಗಾರರಿಗೆ ಪಾದಗಳು ಕಾಣುವುದಿಲ್ಲ. ತನಗೆ ಪ್ರಿಯಳಾದ ಹುಡುಗಿಗೇ ತೀರ್ಪುಗಾರ ಅಂಕ ಕೊಡಬೇಕಾದ ಸಂದರ್ಭ ಬಂದೀತು. ಹೆಣ್ಣನ್ನು ಗಂಡಿನೊಡನೆ ಹೋಲಿಸುವುದು ಕಷ್ಟ! ಮಂಜಿನ ಮೇಲೆ ಎಂಟರ ಅಂಕಿಯಂಥ ಆಕೃತಿಗಳನ್ನು ಕಾಲಿನಿಂದ ಕೊರೆಯುವುದು ಈ ಆಟದ ಮುಖ್ಯ ಭಾಗವಾಗಿದ್ದುದರಿಂದ ಪಾದ ಕಾಣಬೇಕೆಂಬ ಮಾತಿನಲ್ಲಿ ಸ್ವಲ್ಪ ಹುರುಳಿತ್ತೆನ್ನೋಣ. ಮ್ಯಾಜ್ ಅದಕ್ಕೂ ಉತ್ತರ ಕೊಟ್ಟರು. ನೆಲ ಮುಟ್ಟುವ ಲಂಗವನ್ನು ಬಿಟ್ಟು, ಮೀನಖಂಡದವರೆಗೆ ಮಾತ್ರ ಬರುವ ಗಿಡ್ಡ ಲಂಗ ತೊಟ್ಟು ಆಡತೊಡಗಿದರು. ಆ ಕಾಲಕ್ಕೆ ಅದು ಸಣ್ಣ ಧೈರ್ಯವಲ್ಲ.

ವಿಶ್ವ ಸ್ಪರ್ಧೆಯ ಬಾಗಿಲು ಮುಚ್ಚಿದರೂ ಆಕೆ ಮನೆಯಲ್ಲಿ ಕೂರಲಿಲ್ಲ. 1903ರಲ್ಲಿ ಬ್ರಿಟನ್ನಿನ ಮೊಟ್ಟಮೊದಲ ರಾಷ್ಟ್ರೀಯ ಸ್ಪರ್ಧೆ ನಡೆದಾಗ, ಪುರುಷರೂ ಇದ್ದ ಕಣದಲ್ಲಿ ಗೆದ್ದವರು ಮ್ಯಾಜ್. 1904ರಲ್ಲಿ ಮತ್ತೆ ಗೆದ್ದರು. ಈ ಸಲ ಎರಡನೆಯ ಸ್ಥಾನಕ್ಕೆ ಇಳಿದವರು ಯಾರು ಗೊತ್ತೇ? ಸ್ವತಃ ಪತಿ ಎಡ್ಗರ್! ಕಲಿಸಿದ ಗುರುವನ್ನೇ, ಕೈಹಿಡಿದ ಗಂಡನನ್ನೇ ಹೆಂಡತಿ ಸಾರ್ವಜನಿಕವಾಗಿ ಸೋಲಿಸಿದ್ದಳು. ಅನೇಕ ಮನೆಗಳಲ್ಲಿ ಇಷ್ಟು ಸಾಕು, ಮಾತು ನಿಲ್ಲಲು. ಈ ಮನೆಯಲ್ಲಿ ಹಾಗಾಗಲಿಲ್ಲ. ಇಬ್ಬರೂ ಕೈಗೆ ಕೈ ಸೇರಿಸಿ ಜೋಡಿಯಾಗಿ ಆಡುವುದನ್ನು ಮುಂದುವರಿಸಿದರು.

ಇಷ್ಟು ಸ್ಪಷ್ಟವಾಗಿ ಕಾಣುತ್ತಿದ್ದ ಪ್ರತಿಭೆಯನ್ನು ಸಂಘವು ಎಷ್ಟು ದಿನ ಹೊರಗಿಡಬಲ್ಲದು? ಮಹಿಳೆಯರಿಗೆಂದೇ ಪ್ರತ್ಯೇಕ ಸ್ಪರ್ಧೆ ಏರ್ಪಡಿಸಲು ಅದು ಒಪ್ಪಿತು. 1906ರಲ್ಲಿ ಸ್ವಿಟ್ಜರ್‌ಲೆಂಡಿನ ದಾವೋಸ್‌ನಲ್ಲಿ ನಡೆದ ಮೊದಲ ಸ್ಪರ್ಧೆಯನ್ನು ಮ್ಯಾಜ್ ಗೆದ್ದರು. 1907ರಲ್ಲಿ ವಿಯೆನ್ನಾದಲ್ಲಿಯೂ ಆಕೆಯೇ ಗೆದ್ದರು. ಮಹಿಳೆಯರ ವಿಶ್ವ ಚಾಂಪಿಯನ್ನರ ಪಟ್ಟಿ ಇಂದಿಗೂ ಆರಂಭವಾಗುವುದು ಆಕೆಯ ಹೆಸರಿನಿಂದ.

1908ರಲ್ಲಿ ಲಂಡನ್ನಿನಲ್ಲಿ ಒಲಿಂಪಿಕ್ಸ್ ನಡೆಯಿತು. ಚಳಿಗಾಲದ ಪ್ರತ್ಯೇಕ ಒಲಿಂಪಿಕ್ಸ್ ಆಗ ಇರಲಿಲ್ಲ. ಅದು ಆರಂಭವಾದದ್ದು 1924ರಲ್ಲಿ. ಆದರೂ ಅದೇ ಕೂಟದ ಭಾಗವಾಗಿ ಅಕ್ಟೋಬರ್‌ನಲ್ಲಿ, ನೈಟ್ಸ್‌ಬ್ರಿಜ್‌ನ ಪ್ರಿನ್ಸಸ್ ಸ್ಕೇಟಿಂಗ್ ಕ್ಲಬ್ಬಿನಲ್ಲಿ, ಫಿಗರ್ ಸ್ಕೇಟಿಂಗ್ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಸೇರಿತು. ಐವರು ಮಹಿಳೆಯರ ಕಣದಲ್ಲಿ ಚಿನ್ನದ ಪದಕ ಮ್ಯಾಜ್‌ಗೆ ಬಂತು. ಜರ್ಮನಿಯ ಎಲ್ಸಾ ರೆಂಡ್‌ಸ್ಮಿತ್ ಎರಡನೆಯವರಾದರು. ಜೋಡಿ ಸ್ಪರ್ಧೆಯಲ್ಲಿ ಮ್ಯಾಜ್ ಮತ್ತು ಎಡ್ಗರ್ ಕಂಚಿನ ಪದಕ ಪಡೆದರು. ನಾಲ್ಕು ವರ್ಷಗಳ ಹಿಂದೆ ಎದುರಾಳಿಗಳಾಗಿ ನಿಂತಿದ್ದ ದಂಪತಿ ಈಗ ಒಟ್ಟಿಗೆ ನಿಂತು ಪದಕ ಸ್ವೀಕರಿಸಿದರು. ಚಳಿಗಾಲದ ಆಟಗಳ ಬಗ್ಗೆ ಇಬ್ಬರೂ ಸೇರಿ ಸಿದ್ಧಪಡಿಸಿದ ಪುಸ್ತಕವೂ ಅದೇ ವರ್ಷ ಹೊರಬಂತು.

ಅಷ್ಟರಲ್ಲಿ ಆರೋಗ್ಯ ಕೈಕೊಡತೊಡಗಿತ್ತು. ಒಲಿಂಪಿಕ್ಸ್ ನಂತರ ಮ್ಯಾಜ್ ಸ್ಪರ್ಧೆಗಳಿಂದ ನಿವೃತ್ತರಾದರು. 1917ರ ಸೆಪ್ಟೆಂಬರ್ 9ರಂದು, ಇಂಗ್ಲೆಂಡಿನ ವೇಬ್ರಿಜ್‌ನಲ್ಲಿ, ಹೃದಯದ ಒಳಪೊರೆಯ ಉರಿಯೂತದಿಂದ ಅವರು ತೀರಿಕೊಂಡರು. 36ನೆಯ ಹುಟ್ಟುಹಬ್ಬಕ್ಕೆ ಕೆಲವೇ ದಿನಗಳು ಬಾಕಿಯಿದ್ದವು. ಎಡ್ಗರ್ 1946ರವರೆಗೆ ಬದುಕಿದ್ದರು. 1981ರಲ್ಲಿ, ಮ್ಯಾಜ್ ಹುಟ್ಟಿ ಸರಿಯಾಗಿ ನೂರು ವರ್ಷವಾದಾಗ, ವಿಶ್ವ ಫಿಗರ್ ಸ್ಕೇಟಿಂಗ್‌ನ ಕೀರ್ತಿವಂತರ ಸಾಲಿಗೆ ಆಕೆಯ ಹೆಸರು ಸೇರಿತು.

ನಿಯಮದ ಹೆಸರಿನಲ್ಲಿ ಬಾಗಿಲು ಮುಚ್ಚಿದಾಗ ಮ್ಯಾಜ್ ತಮ್ಮ ಕೆಲಸವನ್ನು ಮೊದಲಿಗಿಂತ ಚೆನ್ನಾಗಿ ಮಾಡುತ್ತಾ ಹೋದರು. ಮೂರೇ ವರ್ಷಗಳಲ್ಲಿ ಬಾಗಿಲು ತೆರೆಯಿತು, ಬರೀ ಆಕೆಗಲ್ಲ, ಹಿಂದೆ ಬರಲಿದ್ದ ಸಾವಿರಾರು ಹೆಣ್ಣುಮಕ್ಕಳಿಗೂ. ನಮ್ಮ ಮನೆಗಳಲ್ಲಿಯೂ ಓದಿನಲ್ಲಿ, ಆಟದಲ್ಲಿ, ದುಡಿಮೆಯಲ್ಲಿ ಗಂಡನಿಗಿಂತ ಮುಂದೆ ಹೋಗುವ ಹೆಂಡತಿಯರಿದ್ದಾರೆ, ಅಣ್ಣನನ್ನು ಮೀರಿಸುವ ತಂಗಿಯರಿದ್ದಾರೆ. ಅವರ ಗೆಲುವು ಮನೆಯ ಗೆಲುವಾಗಬೇಕಾದರೆ ಎಡ್ಗರ್‌ನಂತೆ ಎರಡನೆಯ ಸ್ಥಾನದಲ್ಲಿ ನಿಂತು ಕೈಹಿಡಿಯಬಲ್ಲವರು ಮನೆಯೊಳಗೆ ಬೇಕು.