ಗಜರಥದ ದ್ರವ್ಯವನ್ನು ವಿದ್ಯೆಯ ಕಡೆಗೆ ತಿರುಗಿಸಿದ ವರ್ಣೀಜಿ

ಬುಂದೇಲಖಂಡದ ದಿಗಂಬರ ಜೈನ ಸಮಾಜದಲ್ಲಿ ಒಂದು ಸಂಪ್ರದಾಯವುಂಟು. ಪಂಚಕಲ್ಯಾಣ ಪ್ರತಿಷ್ಠೆಯನ್ನು ನೆರವೇರಿಸಿ, ಆನೆಗಳು ಎಳೆಯುವ ರಥವನ್ನು ನಡೆಸಿ, ನೆರೆದ ಸಂಘಕ್ಕೆಲ್ಲ ಉಣಬಡಿಸಿದ ಶ್ರಾವಕನಿಗೆ ‘ಸಿಂಘಯಿ’ ಎಂಬ ಬಿರುದು ಸಲ್ಲುತ್ತಿತ್ತು. ಮತ್ತೊಮ್ಮೆ ನಡೆಸಿದವನು ‘ಸವಾಯಿ ಸಿಂಘಯಿ’ ಎನಿಸುತ್ತಿದ್ದನು. ಇದು ಪ್ರಭಾವನೆಯೇ ಸರಿ. ಆದರೆ ರಥ ಸಾಗಿದ ಎಷ್ಟೋ ಗ್ರಾಮಗಳಲ್ಲಿ ಜಿನಾಲಯದೊಳಗಿನ ಶಾಸ್ತ್ರವನ್ನು ಬಿಚ್ಚಿ ಅರ್ಥ ಹೇಳಬಲ್ಲವರು ಇರಲಿಲ್ಲ. ಈ ಕೊರತೆಯನ್ನು ಕಂಡು ಮರುಗಿದವರು ಪೂಜ್ಯ ಶ್ರೀ ಗಣೇಶಪ್ರಸಾದ ವರ್ಣೀಜಿಯವರು.

ವರ್ಣೀಜಿಯವರು ಹುಟ್ಟಿನಿಂದ ಜೈನರಲ್ಲ. 1874ರಲ್ಲಿ ಹಸೇರಾ ಗ್ರಾಮದ ವೈಷ್ಣವ ಕುಟುಂಬವೊಂದರಲ್ಲಿ ಜನಿಸಿದರು. ಮಡಾವರಾದಲ್ಲಿ ಮನೆಯೆದುರಿನ ಜಿನಮಂದಿರದ ಶಾಸ್ತ್ರಪ್ರವಚನವನ್ನು ಕೇಳಿ, ಹತ್ತನೆಯ ವಯಸ್ಸಿನಲ್ಲಿಯೇ ರಾತ್ರಿಭೋಜನವನ್ನು ತ್ಯಜಿಸಿದರು. ಮನೆಯವರ ಅಸಮಾಧಾನವನ್ನು ಎದುರಿಸಿಯೂ ಆ ನಿಯಮವನ್ನು ಬಿಡಲಿಲ್ಲ. ಮುಂದೆ ಚಿರೋಂಜಾಬಾಯಿ ಎಂಬ ವಿಧವೆ ಶ್ರಾವಿಕೆ ಅವರನ್ನು ಧರ್ಮಪುತ್ರನಂತೆ ಸಲಹಿ, ತಮ್ಮ ಸಂಪತ್ತನ್ನು ಅವರ ವ್ಯಾಸಂಗಕ್ಕೂ ಧರ್ಮಕಾರ್ಯಗಳಿಗೂ ವಿನಿಯೋಗಿಸಿದರು. ಈ ತಾಯಿಯ ಹೆಸರನ್ನು ನಮ್ಮ ಮನೆಗಳಲ್ಲಿ ಇನ್ನೂ ಹೆಚ್ಚಾಗಿ ನೆನೆಯಬೇಕು.

ನ್ಯಾಯಶಾಸ್ತ್ರವನ್ನು ಕಲಿಯಲೆಂದು ಕಾಶಿಗೆ ಹೋದಾಗ, ಜೈನನೆಂಬ ಕಾರಣಕ್ಕೆ ಪಂಡಿತರೊಬ್ಬರು ಪಾಠ ಹೇಳಲು ನಿರಾಕರಿಸಿದರು. ಆ ಅವಮಾನದಿಂದಲೇ ಕಾಶಿಯಲ್ಲಿ ಜೈನ ವಿದ್ಯಾಲಯವೊಂದು ಆಗಬೇಕೆಂಬ ಸಂಕಲ್ಪ ಮೂಡಿತು. ಮೊದಲ ಕಾಣಿಕೆಯಾಗಿ ಬಂದದ್ದು ಒಂದೇ ಒಂದು ರೂಪಾಯಿ. ಆಗ ಅಂಚೆಯ ಕಾರ್ಡೊಂದಕ್ಕೆ ಕಾಲಾಣೆ. ವರ್ಣೀಜಿಯವರು ಆ ರೂಪಾಯಿಗೆ 64 ಕಾರ್ಡುಗಳನ್ನು ಕೊಂಡು, ಅರವತ್ತನಾಲ್ಕು ಕಡೆಗೆ ಪತ್ರ ಬರೆದರು. ನೆರವು ಹರಿದುಬಂದಿತು. 1905ರ ಜ್ಯೇಷ್ಠ ಶುಕ್ಲ ಪಂಚಮಿಯಂದು, ಅಂದರೆ ಶ್ರುತಪಂಚಮಿಯ ಪರ್ವದಿನದಂದೇ, ಮುಂಬಯಿಯ ದಾನವೀರ ಸೇಠ್ ಮಾಣಿಕಚಂದ್‌ಜಿಯವರು ಸ್ಯಾದ್ವಾದ ವಿದ್ಯಾಲಯವನ್ನು ಉದ್ಘಾಟಿಸಿದರು. ಶಾಸ್ತ್ರಕ್ಕೆ ಅರ್ಘ್ಯವನ್ನೆತ್ತುವ ದಿನ ಶಾಸ್ತ್ರ ಕಲಿಯುವವರಿಗೆ ನೆಲೆಯಾಯಿತು. ಸ್ಥಾಪಕರೇ ಅಲ್ಲಿ ವಿದ್ಯಾರ್ಥಿಯೂ ಆದರು.

ಬಳಿಕ ಅವರ ಕ್ಷೇತ್ರ ಬುಂದೇಲಖಂಡ. ಸಾಗರದಲ್ಲಿ ಪಾಠಶಾಲೆ ನೆಲೆಗೊಂಡಿತು; ಸುತ್ತಲಿನ ಅನೇಕ ಊರುಗಳಲ್ಲಿಯೂ ಅದರಂಥವು ಹುಟ್ಟಿದವು. ಪ್ರತಿಷ್ಠೆಗೂ ಜಾತ್ರೆಗೂ ಜನ ನೆರೆದಲ್ಲಿಗೆ ಹೋಗಿ, ಉತ್ಸವದ ವೆಚ್ಚವನ್ನು ಮಿತಗೊಳಿಸಿ ವಿದ್ಯಾದಾನಕ್ಕೆ ಕೊಡಿರೆಂದು ಬೇಡುತ್ತಿದ್ದರು. ಬಹಿಷ್ಕೃತರಾದ ಬಡ ಕುಟುಂಬಗಳು ಮರಳಿ ಸಮಾಜವನ್ನು ಸೇರಬೇಕಾದರೆ ಪಂಚರಿಗೆಲ್ಲ ಔತಣವಿಡಬೇಕಿತ್ತು. ಅಲ್ಲಿಯೂ ವರ್ಣೀಜಿ ನಡುವೆ ನಿಂತು ರಾಜಿ ಮಾಡಿಸಿ, ಆ ಹಣ ಪಾಠಶಾಲೆಗೆ ಸಲ್ಲುವಂತೆ ಮಾಡಿದ ಸಂದರ್ಭಗಳುಂಟು. ಊಟ ಒಂದು ದಿನದ್ದು. ಸಾಲ ಮಾತ್ರ ಆ ಬಡವನಿಗೆ ವರ್ಷಗಟ್ಟಲೆ ಉಳಿಯುತ್ತಿತ್ತು. ಗಜರಥಗಳು ನಿಂತುಹೋದುವೆಂದಲ್ಲ, ಇಂದಿಗೂ ನಡೆಯುತ್ತವೆ. ನಿಲ್ಲಿಸುವುದಕ್ಕಿಂತ ಕಠಿನವಾದ ಕೆಲಸವನ್ನು ಅವರು ಮಾಡಿದರು: ಬಿರುದಿಗಾಗಿ ಥೈಲಿ ಬಿಚ್ಚುವ ಕೈಗಳಿಂದ ಬಡ ಬಾಲಕರ ಅನ್ನಕ್ಕೂ ಪುಸ್ತಕಕ್ಕೂ ಕೊಡಿಸಿದರು.

ತಮ್ಮಲ್ಲಿ ಏನನ್ನೂ ಇಟ್ಟುಕೊಳ್ಳದವರಾದ್ದರಿಂದಲೇ ಬೇಡುವ ಅಧಿಕಾರ ಅವರಿಗಿತ್ತು. ವಾಹನತ್ಯಾಗ ಮಾಡಿದ ಮೇಲೆ ಸಾಗರದಿಂದ ಸಮ್ಮೇದಶಿಖರದವರೆಗೂ ನಡೆದೇ ಹೋದರು. 1945ರಲ್ಲಿ ಜಬಲಪುರದ ಸಭೆಯೊಂದರಲ್ಲಿ ಆಜಾದ್ ಹಿಂದ್ ಸೈನಿಕರ ರಕ್ಷಣೆಗಾಗಿ ನಿಧಿ ಕೂಡಿಸುತ್ತಿದ್ದರು. ಕೊಡಲು ಹಣವಿಲ್ಲದ ವರ್ಣೀಜಿ ಹೊದ್ದ ಚಾದರವನ್ನೇ ತೆಗೆದುಕೊಟ್ಟರು. ಹರಾಜಿನಲ್ಲಿ ಅದಕ್ಕೆ ಮೂರು ಸಾವಿರ ರೂಪಾಯಿ ಬಂದಿತು.

1947ರಲ್ಲಿ ಕ್ಷುಲ್ಲಕ ದೀಕ್ಷೆಯನ್ನು ಸ್ವೀಕರಿಸಿದರು. 1961ರ ಸೆಪ್ಟೆಂಬರ್ 5ರಂದು, ಸಮ್ಮೇದಶಿಖರದ ಸಮೀಪದ ಈಸರಿಯಲ್ಲಿ, ಮುನಿಪದವನ್ನು ಧರಿಸಿ ಸಲ್ಲೇಖನಾಪೂರ್ವಕವಾಗಿ ದೇಹವನ್ನು ಬಿಟ್ಟರು.