ಒಳಗೇನಿದೆ ಎಂದು ಕೇಳಲು ಕಲಿಸಿದ ಇಯಾನ್ ಮರ್ಡಾಕ್

ಸರ್ಕಾರಿ ಆ್ಯಪ್ ಕೈಕೊಟ್ಟಾಗ ನಾವು ಬೈಯುತ್ತೇವೆ. ಅದರೊಳಗೆ ಏನೇನಿದೆ, ಉಸ್ತುವಾರಿ ಯಾರದು ಅಂತ ಕೇಳೋದಿಲ್ಲ. ಈ ಪ್ರಶ್ನೆ ಕೇಳಬಹುದು, ಉತ್ತರವೂ ಸಿಗಬೇಕು ಎಂದು ತೋರಿಸಿದವರಲ್ಲಿ ಇಯಾನ್ ಮರ್ಡಾಕ್ ಒಬ್ಬರು.

ಮರ್ಡಾಕ್ ಹುಟ್ಟಿದ್ದು 1973ರಲ್ಲಿ, ಜರ್ಮನಿಯ ಕಾನ್‌ಸ್ಟನ್ಸ್‌ನಲ್ಲಿ. ಓದಿದ್ದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ. ಆಗ ಸಿಗುತ್ತಿದ್ದ ಎಸ್‌ಎಲ್‌ಎಸ್ ಎಂಬ ಲಿನಕ್ಸ್‌ನಲ್ಲಿ ದೋಷಗಳೇ ಜಾಸ್ತಿ, ಸರಿಪಡಿಸುವವರು ಕಡಿಮೆ. ಬೇಸತ್ತ ಹುಡುಗ 1993ರ ಆಗಸ್ಟ್ 16ರಂದು ಡೆಬಿಯನ್ ಘೋಷಿಸಿದ. ವಯಸ್ಸು ಬರೀ 20. ಗೆಳತಿ ಡೆಬ್ರಾ, ತಾನು ಇಯಾನ್; ಇಬ್ಬರ ಹೆಸರು ಸೇರಿ ಡೆಬಿಯನ್.

1994ರ ಜನವರಿಯಲ್ಲಿ ಅವರು ಪ್ಯಾಕೇಜುಗಳನ್ನು ನಿಭಾಯಿಸುವ ಡಿಪಿಕೆಜಿ ಬರೆದರು. ಇಂದು ಕೋಟ್ಯಂತರ ಯಂತ್ರಗಳು ನೆಚ್ಚಿಕೊಂಡಿರುವ ಈ ಸಾಧನ ಮೊದಲು ಹುಟ್ಟಿದ್ದು ಶೆಲ್ ಸ್ಕ್ರಿಪ್ಟ್ ಆಗಿ! ಆಮೇಲೆ ಪರ್ಲ್‌ಗೆ, ಮುಂದೆ ಇಯಾನ್ ಜಾಕ್ಸನ್ ಕೈಯಲ್ಲಿ ಸಿ ಭಾಷೆಗೆ ಬಂತು.

ಡೆಬಿಯನ್ ತನ್ನ ಲೆಕ್ಕವನ್ನು ಬಚ್ಚಿಡುವುದಿಲ್ಲ. ಯಾವ ಪ್ಯಾಕೇಜ್, ಯಾವ ಆವೃತ್ತಿ, ಯಾವುದರ ಮೇಲೆ ಅವಲಂಬಿತ, ಉಸ್ತುವಾರಿ ಯಾರು, ಎಲ್ಲವೂ ಒಂದು ಸಾದಾ ಪಠ್ಯ ಕಡತದಲ್ಲಿರುತ್ತದೆ. ಒಂದೊಂದು ಪ್ಯಾಕೇಜಿನ ವಿವರದ ನಡುವೆ ಒಂದು ಖಾಲಿ ಸಾಲು, ಅಷ್ಟೇ. ಧಾರವಾಡದ ಲಕಮನಹಳ್ಳಿಯಲ್ಲಿ ಕೂತು ನಾನು ಬರೆದುಕೊಂಡಿರುವ ಸ್ಕ್ರಿಪ್ಟ್ ಹತ್ತು ಸಾಲೂ ಇಲ್ಲ. ಹೆಸರು ಕೊಡದಿದ್ದರೆ ಹೆಸರು ಕೇಳುತ್ತದೆ. ಕೊಟ್ಟರೆ ಆ ಕಡತದಲ್ಲಿ ಹುಡುಕಿ ನಾಲ್ಕು ಸಾಲು ತೋರಿಸುತ್ತದೆ. ಕನ್ನಡದ ಗುಬ್ಬಿ ಫಾಂಟ್ ಕೂಡ ಡೆಬಿಯನ್‌ನ ಒಂದು ಪ್ಯಾಕೇಜ್. ಅದರ ಜಾತಕ ನೋಡಲು ಯಾರ ಅಪ್ಪಣೆಯೂ ಬೇಡ ನೋಡ್ರಿ.

ಮರ್ಡಾಕ್ 1996ರಲ್ಲಿ ನಾಯಕತ್ವ ಬಿಟ್ಟುಕೊಟ್ಟರು. ಮರುವರ್ಷ ಡೆಬಿಯನ್ ಸಾಮಾಜಿಕ ಒಪ್ಪಂದವನ್ನು ಒಪ್ಪಿಕೊಂಡಿತು: ತಂತ್ರಾಂಶ ಮುಕ್ತವಾಗಿಯೇ ಇರುತ್ತದೆ, ದೋಷಗಳನ್ನು ಮುಚ್ಚಿಡುವುದಿಲ್ಲ. ಹುಟ್ಟುಹಾಕಿದವರು ಹೋದರೂ ನಿಯಮ ಉಳಿಯಿತು. ವ್ಯಕ್ತಿಪೂಜೆಯಲ್ಲೇ ಮುಳುಗಿರುವ ನಮ್ಮ ಪಕ್ಷಗಳಿಗೆ ಇದು ಅರ್ಥವಾಗೋದು ಕಷ್ಟ.

2015ರ ಡಿಸೆಂಬರ್ 28ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, 42ನೇ ವಯಸ್ಸಿಗೆ, ಮರ್ಡಾಕ್ ತೀರಿಕೊಂಡರು. ಡೆಬಿಯನ್ 9 ಅವರಿಗೆ ಅರ್ಪಣೆಯಾಯಿತು. ಅದೇ 2015ರಲ್ಲಿ ಕೇಂದ್ರ ಸರ್ಕಾರ ತನ್ನ ಇಲಾಖೆಗಳಿಗೆ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿ ತಂದಿತ್ತು. ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸ್‌ಗೂ ಡೆಬಿಯನ್ನೇ ತಳಹದಿ.

ನೀತಿ ಇದೆ, ತಳಹದಿ ಇದೆ. ಇಲ್ಲದಿರೋದು ಕೇಳುವವರು. ರೇಷನ್, ಪಿಂಚಣಿ, ಪಹಣಿ ಎಲ್ಲವೂ ತಂತ್ರಾಂಶದೊಳಗೆ ಹೋಗಿರುವಾಗ ಉಸ್ತುವಾರಿಯ ಹೆಸರು ಕೇಳೋದು ಎಂಜಿನಿಯರ್‌ಗಳ ಹವ್ಯಾಸ ಅಲ್ಲ, ಪ್ರಜೆಯ ಕೆಲಸ.